ಈ ಧೂಳು ಯಾವೂರಿನದು?

2010ರ ನವೆಂಬರ್ 16ರಂದು ಜಪಾನಿನ ಬಾಹ್ಯಾಕಾಶ ಸಂಸ್ಥೆ ಜಾಕ್ಸಾ ಒಂದು ಘೋಷಣೆ ಹೊರಡಿಸಿತು. ಅದರ ತಿರುಳನ್ನು ನನ್ನ ಮಾತಿನಲ್ಲಿ ಮೂರು ಸಾಲಿಗೆ ಇಳಿಸಿಕೊಂಡಿದ್ದೇನೆ.

ಹಯಬುಸಾ ತಂದ ಡಬ್ಬಿಯಿಂದ ಕೆರೆದು ತೆಗೆದ

ಸಂಕಟವೆಲ್ಲ ಇರುವುದು 'ಕೆರೆದು' ಎಂಬಲ್ಲಿ. 2005ರ ನವೆಂಬರಿನಲ್ಲಿ ಇಟೊಕಾವಾ ಕ್ಷುದ್ರಗ್ರಹವನ್ನು ಮುಟ್ಟಿದ ಹಯಬುಸಾ ನೌಕೆ ನೆಲಕ್ಕೆ ಗುಂಡು ಹೊಡೆದು ಚೂರು ಚಿಮ್ಮಿಸಬೇಕಿತ್ತು. ಗುಂಡು ಹಾರಲಿಲ್ಲ. ಇಳಿದ ರಭಸಕ್ಕೆ ಎದ್ದ ಧೂಳು ಒಳಹೊಕ್ಕಿದ್ದರೆ ಉಂಟು, ಇಲ್ಲದಿದ್ದರೆ ಇಲ್ಲ. 2010ರ ಜೂನ್ 13ರಂದು ಆಸ್ಟ್ರೇಲಿಯಾದ ವೂಮೆರಾದಲ್ಲಿ ಇಳಿದ ಡಬ್ಬಿಯನ್ನು ಸಗಾಮಿಹಾರಾದಲ್ಲಿ ತೆರೆದರೆ ಬರಿಗಣ್ಣಿಗೆ ಅದು ಖಾಲಿಯೇ. ದೋಸೆ ಮಗುಚುವ ಕೈಯನ್ನು ಬೆರಳುದ್ದಕ್ಕೆ ಕುಗ್ಗಿಸಿದಂಥ ಟೆಫ್ಲಾನ್ ಪಟ್ಟಿಯೊಂದರಿಂದ ಒಳಗೋಡೆ ಸವರಿದರು. ಆಮೇಲೆ ಆ ಪಟ್ಟಿಯನ್ನೇ ಎಲೆಕ್ಟ್ರಾನ್ ಸೂಕ್ಷ್ಮದರ್ಶಕಕ್ಕೆ ಒಡ್ಡಿದರು.

ಸುಮಾರು 1,500 ಕಣಗಳು ಕಲ್ಲಿನವು;

ಹೆಚ್ಚಿನವು 10 ಮೈಕ್ರಾನಿಗಿಂತ ಸಣ್ಣವು. ಡಬ್ಬಿಯದೇ ಅಲ್ಯೂಮಿನಿಯಂ ಚೂರುಗಳೂ ಜೊತೆಗಿದ್ದವು, ಅದಕ್ಕೇ 'ಕಲ್ಲಿನವು' ಎಂದು ಬೇರೆ ಮಾಡಿ ಹೇಳಬೇಕಾಯಿತು.

ಬಹುಪಾಲು ಇಟೊಕಾವಾದವೇ.

ಇಲ್ಲಿ ಸ್ವಲ್ಪ ನಿಲ್ಲಬೇಕು. ಸಿಕ್ಕಿದ್ದು ಆಲಿವೀನ್, ಪೈರಾಕ್ಸೀನ್, ಪ್ಲೇಜಿಯೊಕ್ಲೇಸ್, ಕಬ್ಬಿಣದ ಸಲ್ಫೈಡ್. ಇವು ನಮ್ಮ ಭೂಮಿಯಲ್ಲಿ ಸಿಗದವೇನಲ್ಲ. ಸುಳಿವು ಕೊಟ್ಟದ್ದು ಬೆರಕೆಯ ಹದ. ಭೂಮಿಯ ಒಳಪದರದ ಆಲಿವೀನ್‌ನಲ್ಲಿ ಕಬ್ಬಿಣ ಮತ್ತು ಮೆಗ್ನೀಸಿಯಂ ಸೇರಿ ನೂರು ಪಾಲಾದರೆ ಕಬ್ಬಿಣದ್ದು ಹತ್ತರ ಆಸುಪಾಸು. ಈ ಕಣಗಳಲ್ಲಿ ಸುಮಾರು 29. ಅದು 'ಎಲ್‌ಎಲ್ ಕಾಂಡ್ರೈಟ್' ಎಂಬ ಉಲ್ಕಾಶಿಲೆಗಳ ಹದ. ಇಟೊಕಾವಾದ ಬೆಳಕನ್ನು ದೂರದಿಂದ ಅಳೆದಾಗ ಊಹಿಸಿದ್ದೂ ಅದನ್ನೇ. ಆದರೂ ಹಟಮಾರಿ ಓದುಗ ಕೇಳಬಹುದು: ಕಬ್ಬಿಣ ಹೆಚ್ಚಿರುವ ಆಲಿವೀನ್ ನಮ್ಮ ಲಾವಾದಲ್ಲೂ ಇದೆಯಲ್ಲ? ಕೇಳುವುದು ಸರಿಯೇ. ನನ್ನ ಮಟ್ಟಿಗೆ ಈ ಸಾಲು ಬಲವಾದ ಅನುಮಾನವೇ ಹೊರತು ತೀರ್ಪಲ್ಲ.

ಮೂಲದಲ್ಲಿಲ್ಲದ ನಾಲ್ಕನೆಯ ಸಾಲು: ಆಮ್ಲಜನಕವೂ ಹಾಗೆಂದಿತು.

ಇದು 2011ರ ಆಗಸ್ಟಿನಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬಂತು. ಆಮ್ಲಜನಕದ ಪರಮಾಣುಗಳು ತೂಕದಲ್ಲಿ ಮೂರು ಬಗೆ: 16, 17, 18. ಭೂಮಿಯಲ್ಲಿ ನೀರು ಆವಿಯಾಗಲಿ, ಬಂಡೆ ಕರಗಲಿ, 18ರ ಪಾಲು ಎಷ್ಟು ಏರುತ್ತದೋ 17ರದ್ದು ಅದರ ಹೆಚ್ಚುಕಡಿಮೆ ಅರ್ಧದಷ್ಟು ಏರುತ್ತದೆ. ಹಾಗಾಗಿ ನಮ್ಮ ಕಲ್ಲುಗಳೆಲ್ಲ ನಕ್ಷೆಯಲ್ಲಿ ಒಂದೇ ಗೆರೆಯ ಮೇಲೆ ಕೂರುತ್ತವೆ. ಈ ಕಣಗಳು ಗೆರೆಯಿಂದ ಸಾವಿರಕ್ಕೆ ಒಂದಕ್ಕಿಂತ ತುಸು ಹೆಚ್ಚು ಮೇಲೆ ಕೂತವು. ಲಾವಾದ ತಕರಾರು ಅಲ್ಲಿಗೆ ಮುಗಿಯಿತು.

ಪ್ರಯೋಗಾಲಯದಲ್ಲಿ ಬಿದ್ದಿದ್ದ ಉಲ್ಕೆಯ ಪುಡಿ ಸೇರಿಕೊಂಡಿದ್ದರೆ? ಅದಕ್ಕೆ ಉತ್ತರ ಕಣಗಳ ಚರ್ಮದಲ್ಲಿತ್ತು. ಕೆಲವದರ ಹೊರಮೈಯಲ್ಲಿ ಮೈಕ್ರಾನಿಗಿಂತ ತೆಳ್ಳಗಿನ ಪದರ, ಅದರೊಳಗೆ ಕಬ್ಬಿಣದ ಅತಿಸೂಕ್ಷ್ಮ ಗುಳಿಗೆಗಳು; ಕಣಗಳಲ್ಲಿ ಸೌರಮಾರುತ ಹೊಡೆದು ಕೂರಿಸಿದ ಹೀಲಿಯಂ, ನಿಯಾನ್. ಗಾಳಿಯಿಲ್ಲದ ನೆಲದ ಮೇಲೆ ಬಿಸಿಲಿಗೆ ಮೈಯೊಡ್ಡಿ ಮಲಗಿದ್ದ ಧೂಳಿಗೆ ಮಾತ್ರ ಹೀಗೆ ಕಪ್ಪು ಹಿಡಿಯುತ್ತದೆ. ಭೂಮಿಗೆ ಬೀಳುವ ಕಲ್ಲಿನ ಹೊರಮೈ ದಾರಿಯಲ್ಲೇ ಸುಟ್ಟಿರುತ್ತದೆ.