ಎತ್ತರ ತಿಳಿಸದ ಒತ್ತಡ

ಪಾರ್ಶ್ವವಾಯು ಬಡಿದವರಿಗೆ ಹೆಪ್ಪು ಕರಗಿಸುವ ಮದ್ದು ಕೊಡುವ ಮುನ್ನ ರಕ್ತದೊತ್ತಡ 185/110 ಮಿ.ಮೀ. ಪಾದರಸವನ್ನು ಮೀರಿರಬಾರದು, ಮೀರಿದರೆ ಮಿದುಳಿನಲ್ಲಿ ರಕ್ತಸ್ರಾವದ ಭಯ. 1995ರಲ್ಲಿ ಪ್ರಕಟವಾದ ಅಮೆರಿಕದ ಪ್ರಯೋಗವೊಂದು ಪಾಲಿಸಿದ ಈ ಮಿತಿಯ ಬಗ್ಗೆ ನನ್ನ ತಕರಾರಿಲ್ಲ. ತಕರಾರು ಅಳೆಯುವ ರೀತಿಯ ಬಗ್ಗೆ. ಕೇಸ್‌ಶೀಟಿನಲ್ಲಿ ಸಾಮಾನ್ಯವಾಗಿ ಬರೀ ಅಂಕಿ ಇರುತ್ತದೆ. ಯಾವ ತೋಳು, ಎಷ್ಟು ಎತ್ತರದಲ್ಲಿ ಎಂಬುದಿಲ್ಲ. (ವಿದ್ಯಾರ್ಥಿ ಹೀಗೆ ಬರೆದು ತಂದರೆ ನೀವು ಸಹಿ ಹಾಕುವಿರಾ?)

ನೀವೇ ಲೆಕ್ಕ ಹಾಕಿ. ರಕ್ತದ ಸಾಪೇಕ್ಷ ಸಾಂದ್ರತೆ 1.06, ಪಾದರಸದ್ದು 13.6. ಸ್ವಾಧೀನ ತಪ್ಪಿದ ತೋಳು ಮಂಚದಂಚಿನಲ್ಲಿ ಜೋತುಬಿದ್ದು, ಪಟ್ಟಿ ಹೃದಯಕ್ಕಿಂತ 10 ಸೆಂ.ಮೀ. ಕೆಳಗಿದ್ದರೆ ಅಂಕಿ ಸುಮಾರು 8 ಮಿ.ಮೀ. ಏರುತ್ತದೆ. 180 ಇದ್ದದ್ದು 188 ಆಗಿ, ಮದ್ದು ತಡವಾಗುತ್ತದೆ. ಪಟ್ಟಿ ಮೇಲಿದ್ದರೆ ಅಪಾಯವೇ ಮರೆಯಾಗುತ್ತದೆ. ಇನ್ನು ಸ್ವಯಂಚಾಲಿತ ಉಪಕರಣವೋ, ಪಟ್ಟಿಯೊಳಗಿನ ಕಂಪನಗಳಿಂದ ಸರಾಸರಿ ಒತ್ತಡವನ್ನು ಗುರುತಿಸಿ, ಮೇಲಿನ ಮತ್ತು ಕೆಳಗಿನ ಒತ್ತಡಗಳನ್ನು ತಯಾರಕರ ಸೂತ್ರದಿಂದ ಅಂದಾಜಿಸುತ್ತದೆ.