ಹಳೆ ಮಾರುತಿಯ ಸ್ಲೋ ಕೂರಿಸುವ ಕೈ

ಸಿಗ್ನಲ್ಲಿನಲ್ಲಿ ನಿಂತ ಕೂಡಲೇ ಆಫ್ ಆಗುವ ಕಾರ್ಬೊರೇಟರ್ ಕಾಲದ ಮಾರುತಿ 800 ಬಂದರೆ, ಬಲ್ಲ ಮೆಕ್ಯಾನಿಕ್ ತಕ್ಷಣ ಸ್ಪ್ಯಾನರ್ ಎತ್ತುವುದಿಲ್ಲ. ಬಾನೆಟ್ ತೆರೆದು ಸುಮ್ಮನೆ ಕೇಳಿಸಿಕೊಳ್ಳುತ್ತಾನೆ. 796 ಸಿಸಿಯ ಆ ಎಂಜಿನ್ನಿಗೆ ಇರುವುದೇ ಮೂರು ಸಿಲಿಂಡರ್. ಒಂದು ಕೈಕೊಟ್ಟರೂ ಗಾಡಿಯೆಲ್ಲ ನಡುಗುತ್ತದೆ. ಪ್ಲಗ್ ವೈರುಗಳನ್ನು ಒಂದೊಂದಾಗಿ ಬಿಡಿಸುತ್ತಾನೆ. ಯಾವುದನ್ನು ಬಿಡಿಸಿದರೂ ಸದ್ದು ಬದಲಾಗುವುದಿಲ್ಲವೋ, ಕಳ್ಳ ಅಲ್ಲೇ.

ಮೂರೂ ಸರಿಯಿದ್ದರೆ ಗಾಳಿಯ ಮೇಲೆ ಅನುಮಾನ. ಸೀಳಿದ ವ್ಯಾಕ್ಯೂಮ್ ಪೈಪಿನಿಂದ ಗಾಳಿ ನುಗ್ಗಿದರೆ ಮಿಶ್ರಣ ತೆಳುವಾಗುತ್ತದೆ. ಅದೂ ಅಲ್ಲದಿದ್ದರೆ ಸ್ಲೋಗೆ, ಅಂದರೆ ಗಾಡಿ ನಿಂತಾಗಿನ ಎಂಜಿನ್ ಓಟಕ್ಕೆ, ಪೆಟ್ರೋಲ್ ಬಿಡುವ ಸ್ಲೋ ಜೆಟ್. ತೀರ ಸಣ್ಣ ತೂತು, ಕಸದ ಒಂದು ಕಣ ಸಾಕು. ಅದಕ್ಕೆ ತಂತಿ ತುರುಕಿ ಹಿಗ್ಗಿಸದೆ ಗಾಳಿ ಹೊಡೆದು ಬಿಡಿಸುವವನೇ ನನ್ನ ಲೆಕ್ಕದಲ್ಲಿ ಕೆಲಸಗಾರ. ಬರೀ ಸ್ಕ್ರೂ ತಿರುಗಿಸಿ ಸ್ಲೋ ಏರಿಸಿ ಕಳಿಸುವವರು ರೋಗ ಮುಚ್ಚುತ್ತಾರೆ, ಪೆಟ್ರೋಲೂ ಕುಡಿಸುತ್ತಾರೆ.

ಮಿಕ್ಸ್ಚರ್ ಸ್ಕ್ರೂ ಸರದಿ ಕೊನೆಗೆ, ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ. ಕಾಲು ಸುತ್ತು ಆಚೆ, ಅರೆಕಾಲು ಈಚೆ, ತಂಬೂರಿ ಶ್ರುತಿ ಮಾಡಿದ ಹಾಗೆ. (ಇಂಜೆಕ್ಷನ್ ಕಾರುಗಳಲ್ಲಿ ಈ ಕೆಲಸ ಕಂಪ್ಯೂಟರಿನದು, ಕಿವಿಗೆ ರಜೆ.) ಆಮೇಲೆ ಹೆಡ್‌ಲೈಟ್ ಹಾಕಿ ನೋಡುತ್ತಾನೆ. ಆಲ್ಟರ್ನೇಟರಿನ ಹೊರೆ ಬಿದ್ದಾಗಲೂ ಎಂಜಿನ್ ನಿಲ್ಲದಿದ್ದರೆ ಕೀ ಕೊಡುತ್ತಾನೆ.