ನೀರಿಗೆ ಬಿದ್ದ ತುತ್ತೂರಿ

ಕಳೆದ ಆಷಾಢದಲ್ಲಿ ತಂಗಿಯ ಮನೆಗೆಂದು ಸಾತನೂರಿಗೆ ಹೋಗಿದ್ದೆ. ಅವಳ ಮೊಮ್ಮಗನಿಗೆ ಆಗಷ್ಟೇ ಮೂರು ತುಂಬಿತ್ತು. ಮಾತು ಮಾತ್ರ ಹದಿನೈದಿಪ್ಪತ್ತು ಪದ ದಾಟಿರಲಿಲ್ಲ. ಹಾಗೆಂದು ಆ ಮನೆಯಲ್ಲಿ ಹಾಡಿಗೇನೂ ಬರವಿರಲಿಲ್ಲ. ರೇಷ್ಮೆಹುಳುವಿಗೆ ಸೊಪ್ಪು ಹಾಕುವ ಹೊತ್ತಿಗೆ ತಾಯಿ ಅವನ ಕೈಗೆ ಮೊಬೈಲು ಕೊಟ್ಟು ಕೂರಿಸುತ್ತಿದ್ದಳು. ಆನೆ, ಮೊಲ, ಬಸ್ಸು, ಬಣ್ಣ, ಅಂಕಿ ಎಲ್ಲದರ ಮೇಲೂ ಹಾಡು. ಒಂದು ಮುಗಿದರೆ ಇನ್ನೊಂದು ತಾನಾಗಿಯೇ ಶುರು. ಹುಡುಗ ಕಣ್ಣು ಮಿಟುಕಿಸದೆ ನೋಡುತ್ತಿದ್ದ. ಬಾಯಿ ತೆರೆದೇ ಇರುತ್ತಿತ್ತು, ಅದರಿಂದ ಸ್ವರ ಹೊರಡುತ್ತಿರಲಿಲ್ಲ.

ಮಾರನೆಯ ದಿನ ಅವನನ್ನು ಅಂಗನವಾಡಿಗೆ ಬಿಡಲು ನಾನೇ ಹೋದೆ. ಮಳೆ ಹಿಡಿದುಕೊಂಡಿತು, ಅಲ್ಲೇ ಬಾಗಿಲ ಬಳಿ ಕೂತೆ. ಕಾರ್ಯಕರ್ತೆ ಮಕ್ಕಳನ್ನು ಸುತ್ತ ಕೂರಿಸಿಕೊಂಡು ಜಿ.ಪಿ. ರಾಜರತ್ನಂ ಅವರ 'ತುತ್ತೂರಿ' ಹೇಳಿಕೊಡತೊಡಗಿದರು. ಅವರದು ಸಂಗೀತ ಕಲಿತ ಕಂಠವಲ್ಲ. ಆದರೆ ತುತ್ತೂರಿ ಕೊಳಕ್ಕೆ ಬಿದ್ದು ಕೆಟ್ಟುಹೋಗುವ ಜಾಗಕ್ಕೆ ಬಂದಾಗ ಅವರು ಹಾಡು ನಿಲ್ಲಿಸಿ, ಗಂಟಲಿನ ಮೇಲೆ ಕೈಯಿಟ್ಟುಕೊಂಡು ಮಕ್ಕಳ ಮುಖ ನೋಡಿದರು. ಒಂದು ಕ್ಷಣ ಎಲ್ಲ ಸುಮ್ಮನೆ. ಆಮೇಲೆ ಆ ಕೆಟ್ಟ ತುತ್ತೂರಿಯ ಸದ್ದನ್ನು ಮೊದಲು ಮಾಡಿದವನು ನಮ್ಮ ಹುಡುಗ. ಮಾಡಿ, ತಾನೇ ಬಿದ್ದು ಬಿದ್ದು ನಕ್ಕ.

ಪವಾಡ ನಡೆಯಿತೆಂದು ಹೇಳುತ್ತಿಲ್ಲ. ಅವನು ಅವತ್ತು ಮನೆಗೆ ಬಂದು ಮಾತಾಡಲಿಲ್ಲ. ಆದರೆ ನಾನು ನೂರು ಸಲ ಕೇಳಿ, ಹಾಡಿ, ಸವೆದುಹೋಗಿದೆ ಎಂದುಕೊಂಡಿದ್ದ ಪದ್ಯವನ್ನು ಮತ್ತೆ ಓದಬೇಕಾಯಿತು.

ರಾಜರತ್ನಂ ರಾಮನಗರದಲ್ಲಿ ಹುಟ್ಟಿದವರು. 'ರತ್ನನ ಪದಗಳು' ಬರೆದ ಇವರು ಕೆಲಕಾಲ ಚಿಕ್ಕ ಮಕ್ಕಳಿಗೆ ಪಾಠವನ್ನೂ ಹೇಳಿದ್ದರು. ಮಕ್ಕಳ ಪದ್ಯಗಳಲ್ಲಿ ಆ ತರಗತಿಯ ಗುರುತಿದೆ. 'ತುತ್ತೂರಿ'ಯ ಕಥೆ ನಿಮಗೆಲ್ಲ ಗೊತ್ತು. ಹುಡುಗನೊಬ್ಬ ಬಣ್ಣದ ತುತ್ತೂರಿ ಕೊಳ್ಳುತ್ತಾನೆ, ಬೀಗುತ್ತಾನೆ, ಅದು ನೀರಿಗೆ ಜಾರುತ್ತದೆ, ಬಣ್ಣವೂ ಹೋಗುತ್ತದೆ, ದನಿಯೂ ಹೋಗುತ್ತದೆ. ಜಂಬ ಕೂಡದು ಎಂಬ ನೀತಿಪಾಠವೆಂದು ಇದನ್ನು ಸಾಮಾನ್ಯವಾಗಿ ಮುಗಿಸಿಬಿಡುತ್ತೇವೆ. ನಾನೂ ಹಾಗೇ ಪಾಠ ಮಾಡಿದ್ದೇನೆ.

ಆದರೆ ಪದ್ಯದೊಳಗೆ ಸಂಗೀತ ಏನು ಮಾಡುತ್ತಿದೆ ಎಂದು ನೋಡಿ. ನಡೆ ನಾಲ್ಕು ನಾಲ್ಕು ಮಾತ್ರೆಯದು, ಮಗು ಕಾಲು ಹಾಕುತ್ತಲೇ ಹೇಳಬಹುದಾದದ್ದು. ಹುಡುಗ ತುತ್ತೂರಿ ಊದುವಾಗ ಏಳು ಸ್ವರಗಳೂ ಮೊದಲು ಮೇಲಕ್ಕೆ, ಆಮೇಲೆ ಕೆಳಕ್ಕೆ ಬರುತ್ತವೆ. ಆರೋಹಣ, ಅವರೋಹಣ ಎಂಬ ಹೆಸರು ಹೇಳದೆಯೇ ಅವೆರಡೂ ಮಗುವಿನ ನಾಲಿಗೆಗೆ ಹತ್ತುತ್ತವೆ. ನೀರಿಗೆ ಬಿದ್ದ ಮೇಲೆ ಆ ಏಳರಲ್ಲಿ ಒಂದೇ ಸ್ವರ ಉಳಿಯುತ್ತದೆ, ಅದೇ ತೊದಲುತ್ತದೆ. ಆ ಅಕ್ಷರ ಗಾಂಧಾರವೂ ಹೌದು, ನೀರು ತುಂಬಿದ ಗಂಟಲಿನ ಸದ್ದೂ ಹೌದು. ಸಂಗೀತ ಕೆಟ್ಟರೆ ಹೇಗಿರುತ್ತದೆ ಎಂಬುದನ್ನು ಸಂಗೀತದ ಅಕ್ಷರದಲ್ಲೇ ಕೇಳಿಸಿದ್ದಾರೆ. ಚೆನ್ನಾಗಿ ಹಾಡಲು ಬಾರದ ಮಗುವಿಗೂ ಈ ಹಾಡಿನಲ್ಲಿ ಒಂದು ಜಾಗವಿದೆ. ಅದೇ ಹಾಡಿನ ಅತ್ಯಂತ ಖುಷಿಯ ಜಾಗ ಕೂಡ.

ಇದು ಆಕಸ್ಮಿಕವಲ್ಲ. ಇವರಿಗಿಂತ ಹಿರಿಯರಾದ ಪಂಜೆ ಮಂಗೇಶರಾಯರು (1874–1937) ಮೇಷ್ಟರೂ ಶಾಲಾ ಇನ್‌ಸ್ಪೆಕ್ಟರೂ ಆಗಿದ್ದವರು. ಅವರ 'ನಾಗರಹಾವು' ಪದ್ಯದಲ್ಲಿ ಪ್ರತಿ ನುಡಿಯ ಕೊನೆಗೆ ಒಂದೇ ಅಕ್ಷರ ಮತ್ತೆ ಮತ್ತೆ ಬರುತ್ತದೆ. ಮೊದಲು ಹಾವನ್ನು ಕರೆಯುವುದಕ್ಕೆ, ಕಡೆಗೆ ಅದನ್ನು ಕಳಿಸುವುದಕ್ಕೆ. ಉಳಿದ ಸಾಲುಗಳ ಭಾಷೆ ಮೂರು ವರ್ಷದ ಮಗುವಿಗೆ ಕಷ್ಟವೇ. ಆದರೆ ಆ ಒಂದಕ್ಷರದ ಸಾಲು ಬಂದಾಗ ಎಲ್ಲರೂ ಕೂಗಬಹುದು. ದೊಡ್ಡವರು ಕಥೆಯನ್ನು ಹೊತ್ತು ತರುತ್ತಾರೆ, ಚಿಕ್ಕವರು ಆ ಜಾಗದಲ್ಲಿ ಕಾಯುತ್ತಾರೆ. ಕಾಯುವುದೂ ಹಾಡುವುದರ ಒಂದು ಭಾಗವೇ.

ಮೊಬೈಲಿನ ಹಾಡಿನ ಮೇಲೆ ನನ್ನ ತಕರಾರು ಇರುವುದು ಇಲ್ಲಿ. ಅದರಲ್ಲಿ ಕಾಯುವ ಜಾಗವಿಲ್ಲ. ಅವತ್ತು ಸಂಜೆ ಅದೇ 'ತುತ್ತೂರಿ'ಯನ್ನು ಮೊಬೈಲಿನಲ್ಲಿ ಹುಡುಕಿ ಹಾಕಿದೆ. ಕೀಬೋರ್ಡು ಒಂದೇ ಸಮನೆ ಬಡಿಯುತ್ತಿತ್ತು. ತುತ್ತೂರಿ ಕೊಂಡಾಗ ಎಷ್ಟು ಗದ್ದಲವೋ ಕೆಟ್ಟಾಗಲೂ ಅಷ್ಟೇ. ಕೆಟ್ಟ ಸದ್ದನ್ನೂ ಶ್ರುತಿಗೆ ಕೂರಿಸಿ ಇಂಪು ಮಾಡಿದ್ದರು! ಮಗು ಸದ್ದು ಮಾಡಲಿ ಬಿಡಲಿ, ಹಾಡು ಮುಂದಕ್ಕೆ ಹೋಗುತ್ತದೆ. ಹಾಡುವವರಿಗೆ ಕೇಳುಗ ಕಾಣುವುದಿಲ್ಲ. ಚಿಕ್ಕ ಮಕ್ಕಳ ಕಂಠಕ್ಕೆ ಆರಾಮಾಗಿ ಎಟುಕುವ ಸ್ವರಗಳು ಕೆಲವೇ. ಎದುರಿಗೆ ಕೂತು ಹಾಡುವವರು ಮಕ್ಕಳಿಗೆ ಎಟುಕದಿದ್ದರೆ ಶ್ರುತಿ ಇಳಿಸುತ್ತಾರೆ, ತಡವರಿಸಿದರೆ ಕಾಲ ನಿಧಾನಿಸುತ್ತಾರೆ.

ಹಾಗೆಂದು ಧ್ವನಿಮುದ್ರಣವನ್ನೇ ಬೈಯಲಾರೆ. 1993ರ 'ಚಿನ್ನಾರಿ ಮುತ್ತ' ಚಿತ್ರಕ್ಕೆ ಎಚ್.ಎಸ್. ವೆಂಕಟೇಶಮೂರ್ತಿ ಬರೆದು ಸಿ. ಅಶ್ವತ್ಥ್ ಸ್ವರ ಹಾಕಿದ ಹಾಡುಗಳು ಕ್ಯಾಸೆಟ್ಟಿನಿಂದಲೇ ನಮ್ಮ ಮಕ್ಕಳ ಬಾಯಿಗೆ ಬಂದವು. ಕ್ಯಾಸೆಟ್ಟು ಮುಗಿದ ಮೇಲೆ ಮೌನವಿರುತ್ತಿತ್ತು, ಆ ಮೌನದಲ್ಲಿ ಮಕ್ಕಳು ಹಾಡುತ್ತಿದ್ದರು. ತಂಗಿಯ ಸೊಸೆಯನ್ನೂ ದೂರಲಾರೆ. ಹುಳು ನಾಲ್ಕನೇ ಜ್ವರ ಎದ್ದಾಗ ಹಗಲು ರಾತ್ರಿ ಸೊಪ್ಪು ಬೇಕು. ಜತೆಗೆ ಕೂತು ಹಾಡಲು ಆ ಮನೆಯಲ್ಲಿ ಯಾರಿಗೆ ಬಿಡುವಿದೆ?

ದೂರಬೇಕಾದರೆ ನನ್ನಿಂದಲೇ ಶುರು ಮಾಡಬೇಕು. ಕೆಲವು ವರ್ಷಗಳ ಹಿಂದೆ ಶಾಲೆಯೊಂದರ ಅಭಿನಯ ಗೀತೆ ಸ್ಪರ್ಧೆಗೆ ತೀರ್ಪುಗಾರನಾಗಿ ಹೋಗಿದ್ದೆ. ಒಬ್ಬಳು ಪುಟ್ಟ ಹುಡುಗಿ ಇದೇ ಹಾಡನ್ನು ಹೇಳುತ್ತ, ತುತ್ತೂರಿ ಕೆಟ್ಟ ಜಾಗಕ್ಕೆ ಬಂದವಳೇ ನಗು ತಡೆಯಲಾರದೆ ನಿಂತುಬಿಟ್ಟಳು. ಇನ್ನೊಬ್ಬಳು ಜರಿ ಲಂಗ ತೊಟ್ಟು, ಕೈಯೆತ್ತು ಎಂದಲ್ಲಿ ಕೈಯೆತ್ತಿ, ಎಲ್ಲೂ ತಪ್ಪದೆ ಮುಗಿಸಿದಳು. ಬಹುಮಾನ ಯಾರಿಗೆ ಕೊಟ್ಟೆನೆಂದು ಹೇಳಬೇಕಾಗಿಲ್ಲ. ನಕ್ಕವಳ ಹೆಸರಿನ ಮುಂದೆ 'ಪೂರ್ಣಗೊಳಿಸಲಿಲ್ಲ' ಎಂದು ಬರೆದೆ. ಆ ಕೋಣೆಯಲ್ಲಿ ಪದ್ಯ ಅರ್ಥವಾಗಿದ್ದವಳು ಅವಳೊಬ್ಬಳೇ ಎಂದು ಈಗ ಅನಿಸುತ್ತದೆ. ಮೊಬೈಲು ಬರುವ ಮೊದಲೇ ನಾವು ಮಕ್ಕಳ ಹಾಡನ್ನು ನೋಡುವ ವಸ್ತುವನ್ನಾಗಿ ಮಾಡಿಬಿಟ್ಟಿದ್ದೆವು.

ದೇಶದಲ್ಲಿ ಅಂಗನವಾಡಿ ಶುರುವಾದದ್ದು 1975ರಲ್ಲಿ. ಆಗ ಆಯ್ಕೆಯಾದ 33 ಕಡೆಗಳಲ್ಲಿ ನಮ್ಮ ತಿರುಮಕೂಡಲು ನರಸೀಪುರವೂ ಒಂದು. ಹೆಗ್ಗಡದೇವನಕೋಟೆಯಲ್ಲಿ 1995ರಲ್ಲಿ ಮೊಳೆತ 'ನಲಿ ಕಲಿ' ಹಾಡನ್ನು ತರಗತಿಯ ಒಳಗೇ ತಂದಿತು. ಎರಡೂ ಕಡೆ ಹಾಡಿಗೆ ಈಗ ಅಧಿಕೃತ ಜಾಗವಿದೆ, ಸಂತೋಷವೇ. ಆದರೆ ಅಂಕಿ ಕಲಿಸಲು, ಕೈ ತೊಳೆಯುವುದನ್ನು ಕಲಿಸಲು ಹೊಸೆದ ಹಾಡುಗಳೇ ಹೆಚ್ಚಾದಾಗ ಒಂದು ತೊಡಕಾಗುತ್ತದೆ. ಅಂಥ ಹಾಡಿನಲ್ಲಿ ಏನೂ ಕೆಡುವುದಿಲ್ಲ, ಯಾರೂ ನೀರಿಗೆ ಬೀಳುವುದಿಲ್ಲ. ಅಂಕಿ ಕಲಿತ ಮೇಲೆ ಹಾಡಿನ ಕೆಲಸ ಮುಗಿಯಿತು. ರಾಜರತ್ನಂ ಹಾಡಿನ ಕೆಲಸ ಮುಗಿಯದು, ಏಕೆಂದರೆ ಅದು ಕೆಲಸಕ್ಕೆಂದು ಬಂದದ್ದೇ ಅಲ್ಲ.

ಊರಿಗೆ ಹೊರಡುವ ಮುನ್ನ ಹುಡುಗನಿಗೊಂದು ಚನ್ನಪಟ್ಟಣದ ಗಿಲಕಿ ತಂದುಕೊಟ್ಟೆ, ಮರದ್ದು, ಅರಗಿನ ಬಣ್ಣದ್ದು. ಅವನು ಅದನ್ನು ಒಂದೆರಡು ಸಲ ಆಡಿಸಿದ. ಆಮೇಲೆ ಹಿತ್ತಲಿಗೆ ಓಡಿ ನೀರಿನ ಬಕೆಟ್ಟಿಗೆ ಹಾಕಿದ. ನಾನು ಬೈಯಲು ಬಾಯಿ ತೆಗೆದೆ. ಅವನು ಗಂಟಲಿನ ಮೇಲೆ ಕೈಯಿಟ್ಟುಕೊಂಡು ನನ್ನ ಮುಖವನ್ನೇ ನೋಡುತ್ತ ನಿಂತಿದ್ದ. ಈ ಸಲ ಕಾಯುತ್ತಿದ್ದವನು ಅವನು. ಸದ್ದು ಮಾಡಬೇಕಾದವನು ನಾನು. ಮಾಡಿದೆ.